ಗೇಟಿನ ಬೋರ್ಡಿಗೆ ಒಂದು ಹೆಸರು

ವಾದದಲ್ಲಿ ಗೆದ್ದು ಗೆದ್ದು ಸುಸ್ತಾಗುವುದು ಹೇಗಿರುತ್ತದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ, ನಿಮಗೆ ಸ್ನೇಹಿತರಿರಬೇಕು. ನನಗೆ ಗೊತ್ತು. ಕಾಲೇಜಿನ ಮೂರು ವರ್ಷವೂ ಚರ್ಚಾಸ್ಪರ್ಧೆಗಳಲ್ಲಿ ಪರ ಎಂದು ಚೀಟಿ ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ ಮಾತಾಡಿ ಬಹುಮಾನ ತಂದವಳು ನಾನು. ನಮ್ಮ ಮನೆಯ ಸ್ಟೀಲ್ ತಟ್ಟೆಗಳಲ್ಲಿ ಅರ್ಧದಷ್ಟು ನಾನು ನಂಬದೇ ಇರುವ ವಿಷಯಗಳಿಂದ ಸಂಪಾದಿಸಿದವು.

ರಾಮನಗರದಲ್ಲಿ ನಾವಿರುವುದು ಹದಿನಾರು ಮನೆಗಳ ಒಂದು ಅಪಾರ್ಟ್‌ಮೆಂಟಿನಲ್ಲಿ. ಇಲ್ಲಿ ಬೋರ್ಡುಗಳಿಗೆ ಬರವಿಲ್ಲ. ಪಾರ್ಕಿಂಗಿನಲ್ಲಿ, 'ವಾಹನಗಳಿಗೆ ನಾವು ಜವಾಬ್ದಾರರಲ್ಲ.' ಲಿಫ್ಟಿನಲ್ಲಿ, 'ಕರೆಂಟು ಹೋದರೆ ನಾವು ಜವಾಬ್ದಾರರಲ್ಲ.' ಟೆರೇಸಿನಲ್ಲಿ ಒಣಹಾಕಿದ ಬಟ್ಟೆ ಹಾರಿಹೋದರೆ ಅದಕ್ಕೂ ಅಲ್ಲ. ಒಂದೊಂದೇ ಓದುತ್ತ ಮೇಲೆ ಹತ್ತಿದರೆ, ಈ ಕಟ್ಟಡವನ್ನು ಯಾರೂ ಕಟ್ಟಿಲ್ಲ, ಯಾರೂ ನಡೆಸುತ್ತಿಲ್ಲ, ಊರಾಚೆಯ ಬಂಡೆಗಳ ಹಾಗೆ ತಾನೇ ಎದ್ದು ನಿಂತಿದೆ ಎಂಬ ನಂಬಿಕೆ ನಾಲ್ಕನೇ ಮಹಡಿಯ ಹೊತ್ತಿಗೆ ಗಟ್ಟಿಯಾಗುತ್ತದೆ.

ಇಂಥ ಜಾಗಕ್ಕೆ, ಹಾಕಲೇಬೇಕಾದ ಬೋರ್ಡುಗಳ ಪಟ್ಟಿಯೊಂದು ಅಗ್ನಿಶಾಮಕ ಇಲಾಖೆಯಿಂದ ಟಪಾಲಿನಲ್ಲಿ ಬಂತು. ಮಹಡಿಯ ಸಂಖ್ಯೆ, ಹೊರಗೆ ಹೋಗುವ ದಾರಿ, ಬೆಂಕಿ ಬಿದ್ದಾಗ ಲಿಫ್ಟ್ ಬಳಸಬಾರದು, ಮೆಟ್ಟಿಲ ಮೇಲೆ ಸಾಮಾನು ಇಡಬಾರದು. ಇವಕ್ಕೆ ಯಾರ ತಕರಾರೂ ಇರಲಿಲ್ಲ. ಗೋಡೆಗೆ ಬರೆದದ್ದು ಗೋಡೆಗೇ ಹೇಳಿದ್ದೆಂದು ನಮ್ಮವರ ತಿಳಿವಳಿಕೆ. ಕೊನೆಯ ಸಾಲಿನಲ್ಲಿತ್ತು ತೊಡಕು: ಸುರಕ್ಷತೆಗೆ ಜವಾಬ್ದಾರರಾದವರ ಹೆಸರು, ಫೋನ್ ನಂಬರು, ಗೇಟಿನ ಬಳಿ, ಎದ್ದು ಕಾಣುವಂತೆ.

ಜವಾಬ್ದಾರ ಎಂಬ ಪದ ಎಲ್ಲಿಂದಲೋ ಬಂದು ನಮ್ಮಲ್ಲೇ ಉಳಿದುಕೊಂಡದ್ದು. ಜವಾಬು ಎಂದರೆ ಉತ್ತರ. ಜಮೀನು ಇದ್ದವನು ಜಮೀನ್ದಾರನಾದರೆ ಜವಾಬು ಇದ್ದವನು ಜವಾಬ್ದಾರ. ಆ ಲೆಕ್ಕದಲ್ಲಿ ನನ್ನಷ್ಟು ದೊಡ್ಡ ಜವಾಬ್ದಾರಳು ಈ ಜಿಲ್ಲೆಯಲ್ಲಿ ಇರಲಾರಳು. ಆದರೆ ಪದಗಳು ಹುಟ್ಟಿದ ಮನೆಯ ಅರ್ಥದಲ್ಲೇ ಬಾಳುವುದಿಲ್ಲ.

ಭಾನುವಾರದ ಸಭೆಯಲ್ಲಿ ಹದಿನಾರು ಮನೆಯವರೂ ಇದ್ದಕ್ಕಿದ್ದಂತೆ ಊರಲ್ಲಿ ಇಲ್ಲದವರಾದರು. ಒಬ್ಬರಿಗೆ ಟೂರು, ಒಬ್ಬರಿಗೆ ಬಿಪಿ. ಆಗ ಯಾರೋ ವಾಚ್‌ಮನ್ ಕೆಂಪಣ್ಣನ ಹೆಸರು ಎತ್ತಿದರು. ಮಾತು ಬೇಗ ಮುಗಿಯಲೆಂಬ ಆಸೆಗೋ, ಹಳೆಯ ಚಟಕ್ಕೋ, ನಾನು ಎದ್ದು ನಿಂತೆ. ಸದಾ ಇಲ್ಲೇ ಇರುವವರು ಅವರು. ಎಲ್ಲರ ಮುಖ ಗೊತ್ತಿರುವವರು ಅವರು. ಫೋನ್ ಮಾಡಿದರೆ ಎತ್ತುವವರೂ ಅವರೊಬ್ಬರೇ. ಚಪ್ಪಾಳೆ ಬಿತ್ತು. ಕೆಂಪಣ್ಣನನ್ನು ಒಂದು ಮಾತು ಕೇಳಲಿಲ್ಲವೆಂಬುದು ನನಗೂ ಹೊಳೆಯಲಿಲ್ಲ. ಸ್ಪರ್ಧೆಗಳಲ್ಲಿ ವಿಷಯದ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲವಲ್ಲ.

ಬೋರ್ಡು ಬಂದ ದಿನ ಬೆಳಿಗ್ಗೆ ಕೆಂಪಣ್ಣ ಕೆಳಗಿನಿಂದ ಕೂಗಿದರು. "ಮೇಡಮ್ಮೋರೆ, ಒಸಿ ಕೆಳಕ್ ಬತ್ತೀರಾ?"

ಹೋಗಿ ನೋಡಿದರೆ ಬೋರ್ಡು ಗೋಡೆಗೆ ಮುಖಮಾಡಿ ಒರಗಿತ್ತು.

"ಯಾಕೆ ಕೆಂಪಣ್ಣ, ಹೆಸರು ತಪ್ಪು ಬರೆದಿದಾರಾ?"

"ಹೆಸ್ರು ಸರಿಯಾಗೇ ಐತೆ. ಅದ್ರ ಮೇಲ್ಗಡೆ ಬರ್ದಿರೋದೇ ಸರಿಗಿಲ್ಲ. ನಾಳೆ ಬೆಂಕಿ ಗಿಂಕಿ ಬಿದ್ಬುಟ್ರೆ ಪೊಲೀಸ್ನೋರು ಯಾರ್ನ ಹಿಡ್ಕೊಂಡೋಯ್ತಾರೆ?"

"ಹಂಗೆಲ್ಲ ಏನೂ ಆಗಲ್ಲ."

"ಆಗಾಕಿಲ್ಲ ಅನ್ನಂಗಿದ್ರೆ ನಿಮ್ಮೆಸ್ರೇ ಬರ್ಕೊಳಿ ಮತ್ತೆ."

ನನ್ನ ಮೂರು ಅಂಶಗಳನ್ನು ಮತ್ತೆ ಮಂಡಿಸಿದೆ. ಅವರು ಬೀಡಿ ಕೆಳಗಿಟ್ಟು ಮರ್ಯಾದೆಯಿಂದ ಕೇಳಿಸಿಕೊಂಡರು.

"ನಮ್ಮೂರ್ ಉಯ್ಯಂಬಳ್ಳಿಲಿ ನಲವತ್ ಕುರಿ ಮೇಯಿಸ್ತಿದ್ದೆ. ಚಿರತೆ ಒಂದ್ ಕುರಿ ಹೊತ್ಕೊಂಡೋದ್ರೆ ನಂದೇ ಜವಾಬ್ದಾರಿ ಅಂತಿದ್ದೆ. ಯಾಕೇಳಿ? ಯಾವ್ ಕಡೀಕ್ ಹೊಡೀಬೇಕು ಅಂತ ನಾನೇ ತೀರ್ಮಾನ ಮಾಡ್ತಿದ್ದೆ, ಕುರಿನೂ ಮಾತ್ ಕೇಳ್ತಿದ್ವು. ಇಲ್ಲಿ ಮೆಟ್ಲ ಮೇಲಿರೋ ಗೋಣಿಚೀಲ ತಗ್ಸಿ ಅಂತ ಅಧ್ಯಕ್ಸರಿಗೆ ಎಷ್ಟ್ ಸಲ ಯೋಳಿವ್ನಿ? 'ನಿನ್ ಕೆಲ್ಸ ನೋಡೋಗ್ಲಾ' ಅಂತಾರೆ. ನನ್ ಮಾತ್ ಬ್ಯಾಡ, ಹೆಸ್ರು ಮಾತ್ರ ಬೇಕಾ?" ಬೀಡಿಯನ್ನು ಮತ್ತೆ ಕೈಗೆತ್ತಿಕೊಂಡರು. "ಇದ್ನ ನೇತಾಕಿದ್ರೆ ನಾನ್ ಊರಿಗೋಯ್ತೀನಿ ಕಣವ್ವ. ಮಗ್ಳು ಇಲ್ಲಿ ಪಿಯುಸಿ ಓದ್ತಾವ್ಳೆ, ಗೇಟ್ ಪಕ್ಕದ್ ಈ ರೂಮ್ ಬುಟ್ರೆ ಅವ್ಳ ಓದೂ ನಿಂತೋಯ್ತದೆ. ಆದ್ರೂ ಹೋಯ್ತೀನಿ."

ನಲವತ್ತು ಕುರಿಗಳ ಮೇಲೆ ನಿಂತ ಆ ವಾದದಲ್ಲಿ ಒಂದು ಬಿರುಕು ಸಿಗಬಹುದೇ ಎಂದು ಹುಡುಕಿದೆ, ನಿಜ ಹೇಳುತ್ತೇನೆ. ಸಿಗಲಿಲ್ಲ. ತೀರ್ಪುಗಾರರಿಲ್ಲದ ಕಡೆ ಸೋಲು ಬೇಗ ಗೊತ್ತಾಗುತ್ತದೆ.

ನಮ್ಮ ಅಸೋಸಿಯೇಶನ್ನಿನ ಅಧ್ಯಕ್ಷರ ಮನೆಗೆ ಹೋದೆ. ಅವರು ರೇಷ್ಮೆಗೂಡಿನ ವ್ಯಾಪಾರಿ. ಮಾರುಕಟ್ಟೆಯಿಂದ ಬಂದ ಖಾಲಿ ಚೀಲಗಳಿಗೆ ನಮ್ಮ ಮೆಟ್ಟಿಲೇ ಉಗ್ರಾಣ. ನಾನು ವಿರೋಧ ಪಕ್ಷದಿಂದ ಶುರುಮಾಡುತ್ತಲೇ ಅವರು ನಕ್ಕರು.

"ಏನ್ ತಾಯಿ, ಹೋದ್ ಬಾನ್ವಾರ ನಿನ್ನಂಗೇ ಇರೋಳು ಇನ್ಯಾರೋ ಬಂದು ಭಾಷಣ ಮಾಡ್ಬುಟ್ಟು ಹೋದ್ಳಾ?"

ನನ್ನ ಮೂರೂ ಅಂಶಗಳನ್ನು ಒಂದೂ ಬಿಡದೆ ನನಗೇ ಒಪ್ಪಿಸಿದರು. ಎಷ್ಟು ಚೆನ್ನಾಗಿದ್ದವು! ಕೇಳುತ್ತ ಕೇಳುತ್ತ ನನಗೆ ಆಯಾಸವಾಯಿತು.

"ನಾನು ಅವತ್ತು ಮಾತಾಡಿದ್ದು ತಪ್ಪು ಅಂಕಲ್. ನನ್ನ ಹೆಸರು ಬರೆಸಿ. ಆದರೆ ನಾನು ತೆಗೀರಿ ಅಂದ ಸಾಮಾನು ಮೆಟ್ಟಿಲಿಂದ ಹೋಗಲೇಬೇಕು."

ಹದಿನಾರು ಮನೆಯವರೂ ಒಪ್ಪಿದರು. ನನ್ನ ಷರತ್ತು ಬರೆದ ಕಾಗದವನ್ನು ಓದದೆಯೇ ಸಹಿ ಹಾಕಿದರು. ತಮ್ಮ ಹೆಸರಿಲ್ಲವೆಂಬುದನ್ನು ಮಾತ್ರ ಎರಡು ಸಲ ನೋಡಿಕೊಂಡರು. ಅಮ್ಮ ಮಾತ್ರ, "ಮದುವೆ ಆಗಬೇಕಾದ ಹುಡುಗಿ, ಫೋನ್ ನಂಬರು ಗೇಟಿಗೆ ಹಾಕ್ಕೊಂಡಿದೀಯಲ್ಲೇ" ಎಂದರು. ಅದಕ್ಕೂ ವಾದವಿತ್ತು. ಮಾಡಲಿಲ್ಲ.

ಹೊಸ ಬೋರ್ಡಿಗೆ ಮೊಳೆ ಹೊಡೆದವರು ಕೆಂಪಣ್ಣನೇ. ಹಿಂದೆ ಸರಿದು, ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ, ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಸರಿ ಮೇಡಮ್ಮೋರೆ, ಚೀಲ ಆಮ್ಯಾಕ್ ನೋಡ್ಕಳವ. ಎಲ್ಡನೇ ಮಹಡಿ ಮೆಟ್ಲಲ್ಲಿ ಒಂದ್ ಸೈಕಲ್ಲೈತೆ, ಪಂಚರ್ ಆಗಿ ವರ್ಸವೇ ಆಯ್ತು. ನಿಮ್ದೇ ಅಲ್ವಾ?"

ಅದು ಯಾರಿಗೂ ಅಡ್ಡವಾಗುವುದಿಲ್ಲ, ಗೋಡೆಗೆ ಒತ್ತಿಯೇ ನಿಲ್ಲಿಸಿದ್ದೇನೆ, ಇವತ್ತೋ ನಾಳೆಯೋ ರಿಪೇರಿಗೆ ಒಯ್ಯುವವಳಿದ್ದೆ ಎಂದು ಹೇಳಲು ಬಾಯಿ ತೆರೆದೆ. ಉಳಿದ ಹದಿನೈದು ಮನೆಯವರೂ ತಂತಮ್ಮ ಸಾಮಾನಿನ ಬಗ್ಗೆ ಇದನ್ನೇ ಹೇಳುತ್ತಾರೆ ಎಂಬುದು ಅಷ್ಟರಲ್ಲಿ ನೆನಪಾಗಿ ಬಾಯಿ ಮುಚ್ಚಿದೆ. ಮುಂದಿನ ಚಕ್ರ ನಾನು ಹಿಡಿದೆ, ಹಿಂದಿನದನ್ನು ಅವರು. ಇಳಿಸಿದ್ದೇ ಉಸಿರು ಬಿಡುತ್ತ, "ಇವತ್ತಿಗೆ ಇಷ್ಟು ಸಾಕು ಕೆಂಪಣ್ಣ" ಎಂದೆ. ತಿರುಗಿ ನೋಡಿದರೆ ಅವರು ಆಗಲೇ ಅಧ್ಯಕ್ಷರ ಮಹಡಿಯ ಕಡೆಗೆ ಅರ್ಧದಷ್ಟು ಮೆಟ್ಟಿಲು ಹತ್ತಿಯಾಗಿತ್ತು.