ವಾಪಸ್ ಕೊಡುವ ಸಂತೋಷಕುಮಾರ

ನನ್ನ ಗಂಡ ಸಂತೋಷಕುಮಾರ ಕೆಟ್ಟವರಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಹೇಳೋಕೆ ನನಗೆ ಮನಸ್ಸು ಬರುತ್ತೋ ಇಲ್ಲವೋ. ಕುಡಿಯಲ್ಲ, ಸೇದಲ್ಲ, ಸ್ಯಾನ್ ಹೊಸೆಯ ಆಫೀಸು ಬಿಟ್ಟರೆ ನೆಟ್ಟಗೆ ನೆವಾರ್ಕಿನ ನಮ್ಮ ಅಪಾರ್ಟ್‌ಮೆಂಟಿಗೆ ಬರ್ತಾರೆ. ಇರೋದು ಒಂದೇ ರೋಗ. ಯಾವ ಸಾಮಾನನ್ನೂ ‘ಇದೇ ಸಾಕು’ ಅಂತ ಒಪ್ಪಿಕೊಳ್ಳೋಕೆ ಅವರ ಕೈಲಿ ಆಗಲ್ಲ. ಒಂದು ಸಲ ಮುಂದಿನ ಎಕ್ಸಿಟ್ಟಿನಲ್ಲಿ ಪೆಟ್ರೋಲು ಇನ್ನೂ ಅಗ್ಗ ಇರಬಹುದು ಅಂತ ಒಂದೊಂದೇ ಬಂಕು ದಾಟಿಸಿಕೊಂಡು ಹೋಗಿ, ಫ್ರೀವೇ ಮೇಲೇ ಕಾರು ನಿಂತುಹೋಯ್ತು. ಮದುವೆಯ ರೇಷ್ಮೆ ಸೀರೆ ಉಟ್ಟುಕೊಂಡು ಕಾರು ತಳ್ಳಿದವಳು ಕ್ಯಾಲಿಫೋರ್ನಿಯಾದಲ್ಲಿ ನಾನೊಬ್ಬಳೇ ಇರಬೇಕು. ಆದರೆ ನನಗೊಂದು ಜಂಬ ಇತ್ತು. ಜೀವನದಲ್ಲಿ ಈ ಮನುಷ್ಯ ನೋಡಿದ ದಿನವೇ ಒಪ್ಪಿಕೊಂಡಿದ್ದು ಒಂದೇ ಒಂದನ್ನ, ಅದು ನನ್ನನ್ನ.

ನಾನು ಹೇಳ್ತಿರೋದು ತೊಂಬತ್ತೊಂಬತ್ತರ ಕಥೆ. ಆಗ ಇಲ್ಲಿ ಕಂಪ್ಯೂಟರ್ ಅಂದ್ರೆ ಸಾಕು, ಬೀದೀಲಿ ನಿಲ್ಲಿಸಿ ಕೆಲಸ ಕೊಡ್ತಿದ್ದರು. ನಾಯಿಗೆ ಸ್ವೆಟರ್ ಮಾರೋಕೂ ಒಂದು ಡಾಟ್ ಕಾಮು, ಸೌದೆ ಮಾರೋಕೂ ಒಂದು ಡಾಟ್ ಕಾಮು. ನಾನು ಮಾತ್ರ ಕೆಲಸ ಮಾಡೋ ಹಾಗಿಲ್ಲದ ಡಿಪೆಂಡೆಂಟ್ ವೀಸಾದ ಮೇಲೆ ಮನೇಲಿ ಕೂತಿದ್ದೆ. ಬೆಂಗಳೂರಲ್ಲಿ ಬೆಳಗ್ಗೆ ಎದ್ದು ಬಸ್ಸು ಹಿಡಿದು ಕೆಲಸಕ್ಕೆ ಹೋಗ್ತಿದ್ದವಳು, ಇಲ್ಲಿ ಗ್ರೋಸರಿಗೆ ಹೋಗಬೇಕಾದರೂ ಗಂಡನ ದಾರಿ ಕಾಯಬೇಕು. ಅಳು ಬರ್ತಿತ್ತು, ಸುಳ್ಳು ಯಾಕೆ ಹೇಳಲಿ. ಹೀಗೇ ಇದ್ದರೆ ಹುಚ್ಚು ಹಿಡಿಯುತ್ತೆ ಅಂತ ವೆಬ್ ಪೇಜು ಮಾಡೋದು ಕಲಿಸೋ ಕ್ಲಾಸಿಗೆ ಸೇರಿದೆ. ಅಲ್ಲಿ ಪರಿಚಯ ಆದ ಹೆಂಗಸೊಬ್ಬಳು ಫ್ರೀಮಾಂಟಿನಲ್ಲಿ ಇಂಟರ್ನೆಟ್ಟಿನ ಮೇಲೆ ಕರ್ಟನ್ ಮಾರೋ ಕಂಪನಿಯ ಮ್ಯಾನೇಜರು. “ನಮ್ಮ ಕರ್ಟನ್ನಿಗೆ ನಾಲ್ಕು ಪೇಜು ಮಾಡಿ ತೋರಿಸು, ಅಕ್ಟೋಬರ್ ಮುಗಿಯೋದರೊಳಗೆ. ಚೆನ್ನಾಗಿದ್ದರೆ ಕೆಲಸವೂ ನಿನ್ನದು, ವೀಸಾನೂ ನಾವೇ ಮಾಡಿಸ್ತೀವಿ” ಅಂದಳು.

ಪೇಜು ಮಾಡೋಕೆ ಕಂಪ್ಯೂಟರ್ ಬೇಕಲ್ಲ! ಲೈಬ್ರರಿಯಲ್ಲಿ ಅರ್ಧ ಗಂಟೆ ಕೂರೋದರೊಳಗೆ ಹಿಂದೆ ಇನ್ನೊಬ್ಬರು ಕೆಮ್ಮುತಾ ನಿಂತಿರ್ತಿದ್ದರು. ಇವರ ಆಫೀಸಿನದನ್ನ ಮನೆಗೆ ತರೋ ಹಾಗಿಲ್ಲ. ಮನೆಗೇ ಒಂದು ಮಾಡೋಣ ಅಂದ್ರು ನನ್ನ ಯಜಮಾನರು. ಕೊಳ್ಳೋದಲ್ಲ, ಬಿಡಿ ಭಾಗ ತಂದು ಜೋಡಿಸೋದು. ನೆವಾರ್ಕಿನ ಅರ್ಧ ಕನ್ನಡದವರ ಮನೆ ಕಂಪ್ಯೂಟರು ಇವರು ಜೋಡಿಸಿಕೊಟ್ಟದ್ದೇ. ಊರವರಿಗೆಲ್ಲ ಕಾಫಿ ಕುಡಿದು ಮುಗಿಸೋದರೊಳಗೆ “ಇದ ತಗೋರಿ” ಅಂತ ಹೇಳ್ತಾರೆ. ಸ್ವಂತಕ್ಕೆ ಬಂದಾಗ ಮಾತ್ರ ಗ್ರಹಣ ಹಿಡಿಯಿತು.

ಮಾನಿಟರು, ಕೀಬೋರ್ಡು, ಮಿಕ್ಕಿದ ಚೂರುಪಾರು, ಎಲ್ಲ ಒಳಗೆ ಕೂರಿಸೋ ತಗಡಿನ ಕ್ಯಾಬಿನೆಟ್ಟು, ಎಲ್ಲ ಬೇಗ ಬಂತು. ನಿಂತಿದ್ದು ಮದರ್‌ಬೋರ್ಡು. ಎಲ್ಲ ಭಾಗ ಬಂದು ಸೇರೋ ಹಲಗೆ ಅದು. ಅದರ ಮೇಲೊಂದು ಸಾಕೆಟ್ ಇರುತ್ತೆ, ತೂತು ತೂತಿನ ಚೌಕ ಮಣೆ. ಕಂಪ್ಯೂಟರಿನ ಮಿದುಳು ಅಂತಾರಲ್ಲ, ಆ ಪ್ರೊಸೆಸರಿನ ಪಿನ್ನುಗಳು ಅದರಲ್ಲಿ ಕೂರಬೇಕು. ಒಂದರ ಪ್ರೊಸೆಸರು ಇನ್ನೊಂದರಲ್ಲಿ ಕೂರಲ್ಲ. ಮೊದಲು ಇವರು ಪ್ರೊಸೆಸರು ಕ್ಯಾಸೆಟ್ಟಿನ ಹಾಗೆ ನಿಲ್ಲೋ ಸ್ಲಾಟಿನ ಬೋರ್ಡು ತಂದರು. ಪೂಜೆಯ ಮಣೆ ಪಕ್ಕ ಇಟ್ಟರು. ಮುನ್ನೂರ ಎಪ್ಪತ್ತು ತೂತಿನ ಸಾಕೆಟ್ಟೇ ಮುಂದಿನ ಕಾಲ ಅಂತ ಯಾರೋ ಬರೆದದ್ದು ಓದಿ, ಡಬ್ಬಿ ಬಿಚ್ಚದೆ ವಾಪಸ್ ಕೊಟ್ಟು ಬಂದರು. ಈ ದೇಶದಲ್ಲಿ ಅದೊಂದು ಅನುಕೂಲ ಇದೆಯಲ್ಲ, ತಿಂಗಳೊಳಗೆ ವಾಪಸ್ ಕೊಟ್ಟರೆ ಯಾಕೆ ಅಂತ ಕೇಳೋರಿಲ್ಲ. ಆ ಅನುಕೂಲವೇ ನನ್ನ ಸಂಸಾರಕ್ಕೆ ಶನಿಯಾಯ್ತು. ಮುನ್ನೂರ ಎಪ್ಪತ್ತರದ್ದು ಬಂತು. ಅಷ್ಟರಲ್ಲಿ ಇನ್ನೊಂದು ಕಂಪನಿಯ ಹೊಸ ಸ್ಲಾಟು ಬಂತು ಅಂತ ಅದೂ ವಾಪಸ್. ಆ ಹೊಸದಕ್ಕೂ ಆಯಸ್ಸು ಕಡಿಮೆಯಂತೆ ಅಂತ ಅದೂ ವಾಪಸ್. ಮತ್ತೆ ಮುನ್ನೂರ ಎಪ್ಪತ್ತು!

ನಡುವೆ ಹುಬ್ಬಳ್ಳಿಯಿಂದ ನಮ್ಮತ್ತೆ ದ್ಯಾಮವ್ವ ಬಂದಿಳಿದರು. ಬಂದ ವಾರದಲ್ಲೇ ಖಾಲಿ ಕ್ಯಾಬಿನೆಟ್ಟಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ತುಂಬಿಟ್ಟರು. “ಭಾಳ ಛಲೋ ಪೆಟಿಗಿ ಐತವಾ, ಗಾಳಿ ಆಡತೈತಿ, ಒಂದೂ ಕೊಳತಿಲ್ಲ” ಅಂದ್ರು. ಮಾನಿಟರಿಗೆ ಕ್ರೋಶಾದಲ್ಲಿ ಒಂದು ಟೋಪಿ ಹೆಣೆದು ಹಾಕಿದರು. ಮನೆಗೆ ಬಂದವರೆಲ್ಲ ಹೊಸ ಟೀವಿನಾ ಅಂತ ಕೇಳಿ ಹೋಗ್ತಿದ್ದರು. ನನಗೆ ತಲೆ ಕೆಟ್ಟು ಕೆರ ಹಿಡಿದುಹೋಗಿತ್ತು.

ಗಣೇಶನ ಹಬ್ಬಕ್ಕೆ ಅತ್ತೆ ಬೋರ್ಡಿನ ಡಬ್ಬಿಗೂ ಅರಿಶಿನ ಕುಂಕುಮ ಹಚ್ಚಿದರು. ಮಾರನೇ ವಾರ ಇವರು ಆ ಡಬ್ಬಿಯನ್ನೂ ಒರೆಸಿಕೊಂಡು ಹೊರಟರು. ಆ ಮಾದರಿಯದೇ ಇನ್ನೂ ಸುಧಾರಿಸಿದ ಬೋರ್ಡು ಬಂದಿತ್ತಂತೆ. ನಾನೂ ಅತ್ತೆಯೂ ಜೊತೆಗೆ ಹೋಗಿದ್ದೆವು. ಅಂಗಡಿಯ ಕೌಂಟರಿನವನು ಡಬ್ಬಿ ಮೇಲೆ ಉಳಿದಿದ್ದ ಕೆಂಪನ್ನ ಉಗುರಲ್ಲಿ ಕೆರೆದು, ಮೂಸಿ, “ಇದೇನು?” ಅಂದ. “ಮಸಾಲೆ” ಅಂದ್ರು ನನ್ನ ಗಂಡ, ಒಂಚೂರೂ ನಾಚಿಕೆಯಿಲ್ಲದೆ. ಅವನು ವಾಪಸ್ ತಗೊಂಡ. ಅತ್ತೆ ಎಲ್ಲ ನೋಡ್ತಾ ನಿಂತಿದ್ದರು.

ಸುಧಾರಿಸಿದ ಬೋರ್ಡು, ಅದರ ಪ್ರೊಸೆಸರು, ಜೋಡಿಯಾಗಿ ಮನೆಗೆ ಬಂದವು. ಅಕ್ಟೋಬರೂ ಬಂತು. ನಾನು ಪೇಜುಗಳನ್ನ ಹಾಳೆ ಮೇಲೆ ಪೆನ್ಸಿಲಲ್ಲಿ ಬರೆದುಕೊಂಡು ಕೂತಿದ್ದೆ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋ ಹಾಗೆ.

“ರೀ, ಇವತ್ತಾದರೂ ಜೋಡಿಸಿ.”

“ತಡಿ ಪ್ರಭಾ. ಇದ ತಿಂಗಳ ಹೊಸಾ ಪ್ರೊಸೆಸರ್ ಬರಾಕತ್ತೈತಿ.”

“ಬರಲಿ! ಅದಕ್ಕೆ ಸಾಕೆಟ್ ಯಾವುದಂತೆ?”

“ಇದ. ಮುನ್ನೂರ ಎಪ್ಪತ್ತು.”

“ಮತ್ತೇನು ಕಷ್ಟ ನಿಮಗೆ?”

“ತೂತು ಅಷ್ಟ, ಸಾಕೆಟ್ ಇದ, ಕುಂದರತೈತಿ ಸೈತ. ಆದರ ಓಡಂಗಿಲ್ಲ. ಈ ಬೋರ್ಡಿನಾಗ ಓಡಂಗಿಲ್ಲ.”

ದೇವರಾಣೆ ಹೇಳ್ತೀನಿ, ಇದು ನಿಜ ಅಂತ ಆಮೇಲೆ ಗೊತ್ತಾಯ್ತು. ಆವತ್ತು ಮಾತ್ರ ನನ್ನನ್ನ ಕೆಣಕೋಕೇ ಹೇಳ್ತಿದಾರೆ ಅನ್ನಿಸಿ, ಕೈಲಿದ್ದ ಲಟ್ಟಣಿಗೆ ಸಿಂಕಿಗೆ ಎಸೆದೆ. ಇವರು ಆಯುಧ ಪೂಜೆಯ ದಿನ ಸಂಜೆ ಬೋರ್ಡು ವಾಪಸ್ ಕೊಡೋದು ಅಂತ ತೀರ್ಮಾನ ಮಾಡಿದರು. ತೀರ್ಮಾನ ಮಾಡೋದು ಬರೋದು ಅದೊಂದಕ್ಕೇ.

ಪೂಜೆಯ ದಿನ ಇವರು ಆಫೀಸಿಗೆ, ನಾನು ಕ್ಲಾಸಿಗೆ. ಸಂಜೆ ಬಂದಾಗ ಅತ್ತೆ ಮನೆಯ ಆಯುಧಗಳನ್ನೆಲ್ಲ ಸಾಲಾಗಿ ಕೂರಿಸಿದ್ದರು. ಮಿಕ್ಸಿ, ವ್ಯಾಕ್ಯೂಮ್ ಕ್ಲೀನರು, ಮೈಕ್ರೋವೇವು, ಈರುಳ್ಳಿ ಸಮೇತ ಕ್ಯಾಬಿನೆಟ್ಟು. ಎಲ್ಲಕ್ಕೂ ಸೇವಂತಿಗೆ ಹೂವು. ಇವರು ನಮಸ್ಕಾರ ಹಾಕಿ, ಡಬ್ಬಿ ಎತ್ತಿಕೊಂಡು, ಒಳಗೆ ಎಲ್ಲ ಭಾಗ ಇದೆಯೋ ಅಂತ ನೋಡೋಕೆ ಮುಚ್ಚಳ ತೆಗೆದರು.

ಬೋರ್ಡಿನ ಸಾಕೆಟ್ಟಿನ ನಟ್ಟನಡುವೆ ಕಾಸಿನಗಲ ಕುಂಕುಮ.

“ಅವ್ವಾ! ಇದೇನ ಮಾಡೀಬೇ?”

“ಖಂಡೇಪೂಜಿ ಮಾಡೀನಿ. ಆಯುಧಕ್ಕ ಹಚ್ಚಬೇಕೋ, ಡಬ್ಬಿಗೆ ಹಚ್ಚಬೇಕೋ?”

“ಇನ್ನ ಅವರು ಇದನ್ನ ವಾಪಸ್ ತಗೊಳ್ಳಂಗಿಲ್ಲ!”

“ತಗೊಳ್ಳಬಾರದಂತನ ಹಚ್ಚೀನಿ” ಅಂದ್ರು ಅತ್ತೆ, ತೆಂಗಿನಕಾಯಿ ಚೂರು ಬಾಯಿಗೆ ಹಾಕಿಕೊಂಡು. “ಡಬ್ಬಿಗೆ ಹಚ್ಚಿದರ ನೀ ಒರಸಿ ಕೊಟ್ಟ ಬರತೀ. ಈ ಹುಡುಗಿ ಮಾರಿ ನೋಡೀಯೇನು? ಸೊರಗಿ ಹೋಗೈತಿ. ನಿನಗ ಬಿಟ್ಟರ ಆಗಂಗಿಲ್ಲ ಸಂತ್ಯಾ. ಇಕೀನ ನೋಡಾಕ ಹೋದಾಗ ಏನ ಮಾಡಿದಿ, ಹೇಳಲೇನು?”

“ಅವ್ವಾ, ಬ್ಯಾಡ” ಅಂದ್ರು ಇವರು.

“ಹೇಳಿ ಅತ್ತೆ” ಅಂದೆ ನಾನು.

ಹೇಳಿದರು. ರಾಜಾಜಿನಗರದ ನಮ್ಮಪ್ಪನ ಮನೆಗೆ ನನ್ನನ್ನ ನೋಡೋಕೆ ಬಂದ ದಿನ, ಉಪ್ಪಿಟ್ಟು ತಿಂದು ಕೈ ತೊಳೆಯೋ ನೆಪದಲ್ಲಿ ಇವರು ಹಿತ್ತಲಿಗೆ ಅವ್ವನನ್ನ ಕರೆದು, “ಹುಡುಗಿ ಛಲೋ ಅದಾಳ. ಆದರ ಬರೋ ವಾರ ಬೆಳಗಾವಿ ಹುಡುಗೀನ್ನೂ ನೋಡಿ ಹೇಳೋಣ” ಅಂದಿದ್ದರಂತೆ. ಅವ್ವ ನೆಟ್ಟಗೆ ಒಳಗೆ ಬಂದು ನನ್ನ ಹಣೆಗೆ ಕುಂಕುಮ ಹಚ್ಚಿ, ಉಡಿ ತುಂಬಿ, ಬಾಯಿಗೆ ಸಕ್ಕರೆ ಹಾಕಿಬಿಟ್ಟರು. ಇವರು ಟವೆಲ್ಲಲ್ಲಿ ಕೈ ಒರೆಸಿಕೊಂಡು ಬರೋಷ್ಟರಲ್ಲಿ ಮದುವೆ ನಿಶ್ಚಯ ಆಗಿತ್ತು.

ಮುಖಕ್ಕೆ ಹೊಡೆದ ಹಾಗಾಯ್ತು ನನಗೆ. ಅಂದ್ರೆ ನಾನೂ ವಾಪಸ್ ಕೊಡೋಕಾಗದೆ ಉಳಿದ ಸಾಮಾನು! ಊರೆಲ್ಲ ಹೇಳಿಕೊಂಡು ಮೆರೆದೆನಲ್ಲ, ನೋಡಿದ ದಿನವೇ ಒಪ್ಪಿದರು ಅಂತ. ಕೋಪ, ನಾಚಿಕೆ, ಅಳು ಎಲ್ಲ ಒಟ್ಟಿಗೇ ಬಂತು. ಇವರು ಹಲ್ಲುಜ್ಜೋ ಬ್ರಷ್ಷು ತಂದು ಬೋರ್ಡು ಒರೆಸೋಕೆ ಕೂತರು. ಆ ಸಾಕೆಟ್ಟಿನ ಸುತ್ತಲೂ ತೂತು, ನಡುವೆ ಮಾತ್ರ ಬರೀ ಬಯಲು. ಕುಂಕುಮ ಸರಿಯಾಗಿ ಆ ಬಯಲಲ್ಲಿತ್ತು. ಒಂದು ತೂತಿಗೂ ಬಿದ್ದಿರಲಿಲ್ಲ. ಇವರು ಬೆರಗಾಗಿ ಅವ್ವನ ಮುಖ ನೋಡಿದರು.

“ಹಣಿ ಎಲ್ಲಿ ಅಂತ ಗೊತ್ತಾಗಂಗಿಲ್ಲೇನು ನನಗ?” ಅಂದ್ರು ಅತ್ತೆ.

ಹಣೆಯ ಕುಂಕುಮ ಒರೆಸೋಕೆ ಇವರಿಗೆ ಕೈ ಬರಲಿಲ್ಲ. ಅದನ್ನ ಹಾಗೇ ಬಿಟ್ಟು, ಅದರ ಮೇಲೇ ಪ್ರೊಸೆಸರು ಕೂರಿಸಿದರು. ಈರುಳ್ಳಿ ತೆಗೆದು ಬುಟ್ಟಿಗೆ ಹಾಕಿ, ಬೋರ್ಡನ್ನ ಕ್ಯಾಬಿನೆಟ್ಟಿಗೆ ಹಾಕಿ, ಸ್ವಿಚ್ಚು ಒತ್ತಿದರು. ಫ್ಯಾನು ತಿರುಗಿತು, ಬೆಳ್ಳುಳ್ಳಿ ಸಿಪ್ಪೆ ಹಾರಿ ಆಚೆ ಬಂತು, ಟೋಪಿ ಹಾಕಿಕೊಂಡ ಮಾನಿಟರಿನಲ್ಲಿ ಬೆಳಕು ಬಂತು. ನಾನು ಇವರ ಜೊತೆ ಮಾತು ಬಿಟ್ಟು ಆವತ್ತೇ ಕರ್ಟನ್ನಿನ ಕೆಲಸ ಶುರು ಮಾಡಿದೆ.

ಶನಿವಾರ ತಡೀಲಾರದೆ ಕೇಳಿದೆ. “ಅವತ್ತು ಅತ್ತೆ ಉಡಿ ತುಂಬದೇ ಇದ್ದಿದ್ರೆ?”

ಸುಳ್ಳು ಹೇಳೋಕೂ ಬರಲ್ಲ ಈ ಮನುಷ್ಯನಿಗೆ. “ಬೆಳಗಾವಿಗೆ ಹೋಗತಿದ್ದೆ.”

“ಆಮೇಲೆ?”

“ಇನ್ನೊಂದು ಊರಿಗೆ. ಇನ್ನೂ ತಿರಗತಿದ್ದೆ ಪ್ರಭಾ, ತಿರಗಿ ತಿರಗಿ ಮುದುಕ ಆಗತಿದ್ದೆ.” ಕೀಬೋರ್ಡಿನ ಧೂಳು ಒರೆಸ್ತಾ ಮುಂದುವರಿಸಿದರು. “ಯಾವ ಸಾಮಾನ ತಗೊಂಡರೂ ಆಮ್ಯಾಲ ಬ್ಯಾರೇದು ನೋಡತೀನಿ. ನೀ ಬಂದ ಮ್ಯಾಲ ಒಂದ ದಿನಾನೂ ಹಂಗ ಅನಿಸಿಲ್ಲ. ಅವ್ವ ಹಚ್ಚಿದ್ದ ಛಲೋ ಆತು.”

ಅರ್ಧ ಕೋಪ ಇಳಿಯಿತು. ಇನ್ನರ್ಧ ಇಟ್ಟುಕೊಂಡೆ, ಬೇಕಾಗುತ್ತೆ.

ತಿಂಗಳ ಕೊನೆಗೆ ಪೇಜು ತೋರಿಸಿದೆ. ಮ್ಯಾನೇಜರು ಕುಣಿದಾಡಿಬಿಟ್ಟಳು. ಕೆಲಸದ ಕಾಗದ ಮನೆಗೆ ಬಂತು, ಸಹಿ ಹಾಕಿ ಕೊಡಬೇಕು ಅಷ್ಟೇ. ಇವರು ಹಿಂದೆ ಮುಂದೆ ತಿರುಗಿಸಿ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

“ಛಲೋ ಐತಿ” ಅಂದ್ರು. “ಆದರ ಒಂದ ವಾರ ತಡಿ. ಸ್ಯಾನ್ ಫ್ರಾನ್ಸಿಸ್ಕೋದಾಗ ಸೋಫಾ ಮಾರೋ ಕಂಪನಿ ಒಂದು...”

ನಾನು ಅತ್ತೆಯ ಮುಖ ನೋಡಿದೆ. ಅವರು ಕುಂಕುಮದ ಬಟ್ಟಲನ್ನ ನನ್ನ ಕಡೆ ಸರಿಸಿದರು.

ಮಾರನೇ ದಿನ ಕರ್ಟನ್ ಕಂಪನಿಯ ಆಫೀಸಿನವಳು ನನ್ನ ಸಹಿಯ ಪಕ್ಕದ ಕೆಂಪು ಬೊಟ್ಟನ್ನ ಉಗುರಲ್ಲಿ ಮುಟ್ಟಿ ನೋಡಿ, “ಇದೇನು?” ಅಂತ ಕೇಳಿದಳು.

ನಾನು ಮಸಾಲೆ ಅನ್ನಲಿಲ್ಲ. “ನಮ್ಮನೇಲಿ ಇದನ್ನ ಹಚ್ಚಿದರೆ ಮುಗೀತು, ವಾಪಸ್ ಇಲ್ಲ” ಅಂದೆ.