ಕಂಬಕ್ಕೆ ಬೆನ್ನು ಹಾಕಿದ ಹೆಬ್ಬಾತು

ಬೆಳಗಿನ ಏಳು ಗಂಟೆ. ನವೆಂಬರಿನ ಬೆಳಕು ಈಗಷ್ಟೇ ಕಿಟಕಿಗೆ ಬರುತ್ತಿದೆ. ಹಾರ್ಸ್‌ಫೆಲ್ಡ್ ಪೇಟೆಯ ಬೇಕರಿಯ ಹಿಂದಿನ ಕೋಣೆಯಲ್ಲಿ ಗುಡ್ರುನ್ ಟ್ರಾಬರ್ಟ್ ಹಳೆಯ ಬಾವುಟವೊಂದನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ಸವರುತ್ತಿದ್ದಾರೆ. ನೀಲಿ ಬಟ್ಟೆ, ನಡುವೆ ಬಿಳಿಯ ಹೆಬ್ಬಾತು, ಅದಕ್ಕೆ ಕೆಂಪು ಕೊಕ್ಕು. ಗಾಳಿಗೆ ಬಡಿದುಕೊಂಡು ಅಂಚೆಲ್ಲ ಎಳೆ ಬಿಟ್ಟಿದೆ. ಪಕ್ಕದ ತಟ್ಟೆಯಲ್ಲಿ ಪ್ಲಮ್ಮಿನ ಮುರಬ್ಬ ಸವರಿದ ಬನ್ನು ಅರ್ಧ ತಿಂದು ಹಾಗೇ ಇದೆ. ಕೈಯಲ್ಲಿ ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ. ಬಿಚ್ಚುವುದೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಅರವತ್ತನಾಲ್ಕು ವರ್ಷದ ಗುಡ್ರುನ್ ಹೊಲಿದ ಬಾವುಟಗಳನ್ನು ನಮ್ಮ ಸೀಮೆಯಲ್ಲಿ ನೋಡದವರಿಲ್ಲ. ಹೊಲಿದವರು ಯಾರೆಂದು ಕೇಳಿದವರೂ ಇಲ್ಲ. ನಾನು ಇದೇ ಪೇಟೆಯಲ್ಲಿ ಹುಟ್ಟಿ ಬೆಳೆದವನು, ದಿನಾ ಇದೇ ಬೇಕರಿಯಲ್ಲಿ ಬನ್ನು ಕೊಳ್ಳುವವನು. ಹಿಂದಿನ ಕೋಣೆಯ ಮಷೀನಿನ ಸದ್ದನ್ನು ಇಷ್ಟು ವರ್ಷ ಹಿಟ್ಟು ನಾದುವ ಯಂತ್ರದ್ದು ಎಂದುಕೊಂಡಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಅದು ನಿಜ.

ಹದಿನೇಳನೇ ವಯಸ್ಸಿಗೆ ಅವರು ಇಲ್ಲಿನ ಬಾವುಟ ಕಾರ್ಖಾನೆ ಸೇರಿದರು. ಅದು ಹಳೆಯ ಕಮ್ಯುನಿಸ್ಟ್ ಸರ್ಕಾರದ ಕಾಲ. ಊರೂರಿನ ಲಾಂಛನಗಳಿಗೆಲ್ಲ ಆಗ ಬೆಲೆಯಿರಲಿಲ್ಲ.

"ವರ್ಷಪೂರ್ತಿ ಕೆಂಪು ಬಟ್ಟೇನೇ. ಕಣ್ಣು ಮುಚ್ಕೊಂಡು ಹೊಲೀತಿದ್ವಿ," ಎನ್ನುತ್ತಾರೆ.

ದೇಶವನ್ನು ಎರಡು ಮಾಡಿದ್ದ ಗೋಡೆ ಬಿತ್ತು, ಕಾರ್ಖಾನೆಯೂ ಮುಚ್ಚಿತು. ಒಂದು ವರ್ಷ ಹೋಟೆಲಿನಲ್ಲಿ ತಟ್ಟೆ ತೊಳೆದರು. ಅಷ್ಟರಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ತಮ್ಮ ತಮ್ಮ ಲಾಂಛನ ನೆನಪಾಯಿತು. ನೂರು ಮನೆಯ ಊರಿಗೂ ಒಂದು ಗುರಾಣಿ ಬೇಕು, ಅದರೊಳಗೆ ಒಂದು ಪ್ರಾಣಿ ಬೇಕು. ಗುಡ್ರುನ್ ಕಾರ್ಖಾನೆಯ ಹಳೆಯ ಮಷೀನು ಕೊಂಡುತಂದರು. ಲಾಂಛನಗಳ ಕಟ್ಟುಕಟ್ಟಳೆಗಳನ್ನು ಊರಿನ ಪಾದ್ರಿಯೊಬ್ಬರ ಬಳಿ ಕಲಿತರು. ನಲವತ್ತೊಂದು ಊರುಗಳಿಗೆ ಹೊಲಿದರು. ಸುಲಭದ್ದಾದರೆ ದಿನಕ್ಕೊಂದು, ಸಿಂಹವಾದರೆ ಮೂರು ದಿನ.

"ಸಿಂಹದ ಉಗುರಿಗೇ ಅರ್ಧ ದಿನ ಹೋಗುತ್ತೆ. ಈ ಮೇಯರ್‌ಗಳು ಸಿಂಹ ಅಂದ್ರೆ ಪ್ರಾಣ ಬಿಡ್ತಾರೆ. ಕುಡುಗೋಲು, ಕುಂಟೆ ಸಾಕು ಅನ್ನೋ ಊರಿನವರೇ ವಾಸಿ."

ಸೂಜಿ ಎರಡು ಸಲ ಬೆರಳಿನ ಒಳಹೊಕ್ಕು ಹೊರಬಂದಿದೆ. ಕತ್ತು ಎಡಕ್ಕೆ ಪೂರ್ತಿ ತಿರುಗುವುದಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಂತು: ಹಳ್ಳಿಗಳನ್ನು ಒಂದೊಂದಾಗಿ ದೊಡ್ಡ ಊರುಗಳಿಗೆ ಸೇರಿಸತೊಡಗಿದರು. ಊರು ಹೋದ ಹಾಗೆ ಬಾವುಟವೂ ಇಳಿಯಿತು. ನಲವತ್ತೊಂದರಲ್ಲಿ ಈಗ ಹನ್ನೆರಡು ಉಳಿದಿವೆ. ಜನವರಿ ಒಂದಕ್ಕೆ ವೀಡನ್‌ರೋಡ ಹಳ್ಳಿಯೂ ನಮ್ಮ ಪೇಟೆಗೆ ಸೇರುತ್ತದೆ. ಹೊಸ ಲಾಂಛನದಲ್ಲಿರುವುದು ನಮ್ಮ ಪೇಟೆಯ ಗೋಪುರ ಮಾತ್ರ. ಬಾವುಟವನ್ನು ದೂರದ ಯಾವುದೋ ಅಚ್ಚುಕೂಟದಲ್ಲಿ ಮುದ್ರಿಸಿ ತರುತ್ತಾರಂತೆ.

ಮೇಜಿನ ಮೇಲಿರುವುದು ಅದೇ ವೀಡನ್‌ರೋಡದ ಹೆಬ್ಬಾತು. ಇಪ್ಪತ್ತೇಳು ವರ್ಷ ಅಲ್ಲಿನ ಅಗ್ನಿಶಾಮಕ ದಳದ ಕಂಬದ ಮೇಲಿತ್ತು. ಇನ್ನು ಮುಂದೆ ಗಾಜಿನ ಪೆಟ್ಟಿಗೆಯೊಳಗೆ ಇರುತ್ತದೆ. ಅಂಚು ಹೊಲಿದುಕೊಡಿ ಎಂದು ಕಳಿಸಿದ್ದಾರೆ. ಗುಡ್ರುನ್ ಕಣ್ಣು ಇರುವುದು ಮಾತ್ರ ಅಂಚಿನ ಮೇಲಲ್ಲ.

ಬಾವುಟದ ಮೇಲಿನ ಪ್ರಾಣಿ ಯಾವುದೇ ಇರಲಿ, ಅದರ ಮುಖ ಕಂಬದ ಕಡೆಗಿರಬೇಕು. ಅದು ಕಟ್ಟಳೆ. ಕಂಬಕ್ಕೆ ಬೆನ್ನು ಹಾಕಿದರೆ ಅದು ಓಡಿಹೋಗುತ್ತಿದೆ ಎಂದೇ ಅರ್ಥ. ದಳದ ನೂರನೇ ವರ್ಷದ ಹಬ್ಬಕ್ಕೆ ಒಂದೇ ವಾರದಲ್ಲಿ ಹದಿನಾಲ್ಕು ಬಾವುಟ ಹೊಲಿಯಬೇಕಿದ್ದಾಗ, ಮಗುಚಿ ಬಿದ್ದಿದ್ದ ಬಟ್ಟೆಯನ್ನು ಗಮನಿಸದೆ ಗುಡ್ರುನ್ ಕಂಬಕ್ಕೆ ಕಟ್ಟುವ ಹಗ್ಗದ ಪಟ್ಟಿಯನ್ನು ಹೆಬ್ಬಾತಿನ ಬಾಲದ ಕಡೆಗೆ ಹೊಲಿದುಬಿಟ್ಟರು. ಬಾವುಟ ಏರಿತು, ಬ್ಯಾಂಡು ಬಾರಿಸಿತು, ಹೆಬ್ಬಾತು ಕಾಲಿಗೆ ಬುದ್ಧಿ ಹೇಳಿತ್ತು.

ನಕ್ಕವರು ನಾವೇ, ಪೇಟೆಯವರು. ನಿಮ್ಮ ಹಕ್ಕಿಗೇ ಊರು ಬೇಡವಾಯಿತಲ್ಲ ಎಂದು ಹಬ್ಬದಲ್ಲೇ ಆಡಿಕೊಂಡೆವು. ನಿಮ್ಮಂಥ ನೆರೆಯವರಿದ್ದರೆ ಯಾರು ತಾನೇ ನಿಲ್ಲುತ್ತಾರೆ ಎಂದು ವೀಡನ್‌ರೋಡದವರು ತಿರುಗೇಟು ಕೊಟ್ಟರು. ಅಂದಿನಿಂದ ಅದು ಅವರ ಹೆಮ್ಮೆಯಾಯಿತು. ಸರಿ ಮಾಡಿಕೊಡುತ್ತೇನೆ ಎಂದು ಗುಡ್ರುನ್ ನಾಲ್ಕು ಸಲ ಹೋಗಿ ಕೇಳಿದರು. ನಾಲ್ಕು ಸಲವೂ ಬಿಯರು ಕುಡಿಸಿ ವಾಪಸು ಕಳಿಸಿದರು.

"ಅರ್ಧ ಗಂಟೆ ಕೆಲಸ. ಪಟ್ಟಿ ಬಿಚ್ಚಿ ಆ ಕಡೆಗೆ ಹೊಲಿದರೆ ಮುಗೀತು. ಇವತ್ತು ಬಿಟ್ರೆ ಇನ್ನು ಕೈಗೆ ಸಿಗಲ್ಲ, ಗಾಜಿನೊಳಗೆ ಹೋಗುತ್ತೆ," ಎನ್ನುತ್ತಾರೆ. ಪಟ್ಟಿಯ ಮೂಲೆಯಲ್ಲಿ ಮೂರು ಹೊಲಿಗೆ ಆಗಲೇ ಬಿಚ್ಚಿದೆ. ಕೇಳಿದರೆ, ಬೆಳಿಗ್ಗೆ ಕೈ ತಾನಾಗಿ ಹೋಯಿತು ಎಂದರು.

ಒಂಬತ್ತಕ್ಕೆ ದಳದ ಮುಖ್ಯಸ್ಥ ಓರ್ಟ್‌ವಿನ್ ಹೈಲ್ ಬರುತ್ತಾರೆ. ಗುಡ್ರುನ್ ಜೊತೆ ಒಂದೇ ತರಗತಿಯಲ್ಲಿ ಕೂತು ಕಲಿತವರು. ಬಂದವರೇ ಟೊಪ್ಪಿ ತೆಗೆದು ಆ ಮೂರು ಹೊಲಿಗೆಯನ್ನು ನೋಡುತ್ತಾರೆ.

"ಗುಡ್ರುನ್, ಹೊಸ ಲಾಂಛನದಲ್ಲಿ ನಮ್ಮ ಹೆಬ್ಬಾತಿಗೆ ಜಾಗ ಕೊಡಲಿಲ್ಲ. ಗಾಜಿನೊಳಗಾದರೂ ಅದು ಹೇಗಿತ್ತೋ ಹಾಗೇ ಇರಲಿ ಬಿಡು."

ಗುಡ್ರುನ್ ಕೊಕ್ಕೆ ಕೆಳಗಿಡುತ್ತಾರೆ. ಬಿಚ್ಚಿದ ಮೂರು ಹೊಲಿಗೆಯನ್ನು ಇದ್ದ ಜಾಗದಲ್ಲೇ, ಕೈಯಲ್ಲೇ ಮತ್ತೆ ಹಾಕುತ್ತಾರೆ. ಎಳೆ ಬಿಟ್ಟ ಅಂಚನ್ನು ಮಷೀನಿನಲ್ಲಿ ಮುಗಿಸಿ ಬಾವುಟ ಮಡಿಸುತ್ತಾರೆ. ಬೇಜಾರಾಗಿದೆ, ಮುಚ್ಚಿಡುವುದಿಲ್ಲ. ಮಡಿಸಿದ್ದನ್ನು ಕೊಡುವ ಮುಂಚೆ ಒಂದು ಮಾತು ಕೇಳುತ್ತಾರೆ: ಪೆಟ್ಟಿಗೆಯ ಕೆಳಗೆ ಬರೆಯುವ ಚೀಟಿಯಲ್ಲಿ ತನ್ನ ಹೆಸರು ಹಾಕಬಹುದೇ?

ಓರ್ಟ್‌ವಿನ್‌ಗೆ ಅಚ್ಚರಿ. "ತಪ್ಪು ಹೊಲಿದವಳು ನೀನು ಅಂತ ಎಲ್ಲರಿಗೂ ಗೊತ್ತಾಗುತ್ತಲ್ಲ. ಓದಿದವರು ನಗ್ತಾರೆ."

"ನಗಲಿ ಬಿಡೋ. ಆರು ಸಾವಿರ ಬಾವುಟ ಸರಿಯಾಗಿ ಹೊಲಿದೆ. ಯಾರು ಹೊಲಿದಿದ್ದು ಅಂತ ಒಬ್ಬರೂ ಕೇಳಲಿಲ್ಲ. ಇದನ್ನ ನೋಡಿದವರು ಕೇಳೇ ಕೇಳ್ತಾರೆ."