ಬೇವಿಗೆ ಹಬ್ಬಿದ ಅಮೃತಬಳ್ಳಿ

ಬಲಗಾಲಿನ ಹೆಬ್ಬೆರಳು ಎಂದು ಬರೆಯುತ್ತಿದ್ದೇನೆ. ಎಡಗಾಲಿನದಿದ್ದರೂ ಇರಬಹುದು. ಊದಿ ಕೆಂಪಾಗಿತ್ತು, ಹೊದಿಕೆಯ ಅಂಚು ತಾಗಿದರೂ ಪ್ರಾಣ ಹೋಗುತ್ತಿತ್ತು, ಅಷ್ಟು ಖಚಿತ. ಪೀಣ್ಯದ ಶೆಡ್ಡೊಂದರಲ್ಲಿ ಲೇತ್ ಯಂತ್ರದ ಮುಂದೆ ದಿನವಿಡೀ ನಿಂತು ದುಡಿಯುತ್ತಿದ್ದ ಕಾಲ. ಯೂರಿಕ್ ಆಸಿಡ್ ಜಾಸ್ತಿ ಇದೆ, ಹೀಗೇ ಬಿಟ್ಟರೆ ಕಿಡ್ನಿಗೆ ಬರುತ್ತದೆ ಎಂದರು ಡಾಕ್ಟರು. ಅವರು ಕೊಟ್ಟ ಮಾತ್ರೆಗೆ ಮೈಯೆಲ್ಲ ದದ್ದು ಎದ್ದಿತು. ಹೆದರಿ ಮಾತ್ರೆ ಬಿಟ್ಟೆ, ಅವರ ಬಳಿ ಹೋಗುವುದನ್ನೂ ಬಿಟ್ಟೆ. ಕಿಡ್ನಿಯ ಹೆದರಿಕೆ ಮಾತ್ರ ಬಿಡಲಿಲ್ಲ.

ನಮ್ಮ ಬಾಡಿಗೆ ಮನೆಯ ಓನರ್ ಅಜ್ಜಿ ನಾನು ಕುಂಟುವುದನ್ನು ನೋಡಿ ನಕ್ಕರು. "ಏನಪ್ಪ, ನಿನಗಿಂತ ನಾನೇ ನೆಟ್ಟಗ್ ನಡೀತೀನಲ್ಲ! ಅಮೃತಬಳ್ಳಿ ಕುಡಿ. ಅಂಗಡೀದಲ್ಲ, ಬೇವಿಗೆ ಅಬ್ಬಿರೋದು. ನಮ್ ಒಲದ ಬೇವಿಂದು."

ಬೆಳಗ್ಗೆ ಕಲ್ಲಿನ ಮೇಲೆ ಜಜ್ಜಿ, ಹಿಂಡಿ, ಸೋಸಿ ಎರಡು ಲೋಟ ತುಂಬುತ್ತಿದ್ದರು. ಒಂದು ನನಗೆ, ಒಂದು ಅವರ ಮಂಡಿನೋವಿಗೆ. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಊತ ಇಳಿಯಿತು. ಬಳ್ಳಿಯಿಂದಲೋ ತಾನಾಗಿಯೋ, ಗೊತ್ತಿಲ್ಲ.

ಆ ಖುಷಿಗೆ ಒಂದು ಭಾನುವಾರ ಬಳ್ಳಿ ಕೊಯ್ಯಲು ಅಜ್ಜಿಯ ಜೊತೆ ಹೋದೆ. ಹೊಲ ಎಲ್ಲಿದೆ? ಅಲ್ಲಿ ಈಗ ಇದ್ದದ್ದು ಲೋಹಕ್ಕೆ ಹೊಳಪು ಕೊಡುವ ಪ್ಲೇಟಿಂಗ್ ಶೆಡ್ಡು, ಅದರ ಹಿಂದಿನ ಗೋಡೆಗೆ ಆತು ನಿಂತ ಒಂಟಿ ಬೇವು. ಅಜ್ಜಿ ಮಾತ್ರ ಬದುವಿನ ಮೇಲೆ ನಡೆಯುವವರಂತೆ ಸೀರೆ ಎತ್ತಿಕೊಂಡು ಹೆಜ್ಜೆ ಇಟ್ಟರು. ಬಳ್ಳಿಯಿಂದ ದಾರದಂಥ ಬೇರುಗಳು ಇಳಿಬಿದ್ದು, ಶೆಡ್ಡಿನ ರಾಸಾಯನಿಕ ಹರಿಯುವ ಮೋರಿಯಲ್ಲಿ ಮುಳುಗಿದ್ದವು. ನೀರು ಹಳದಿ. ನೆನಪು ಆಮೇಲೆ ಬಳಿದ ಬಣ್ಣವೇ ಅದು? ಇರಲಿ, ಮೂಗು ಉರಿಸಿದ ಆ ವಾಸನೆಯನ್ನು ನಾನು ಹುಟ್ಟಿಸಿಕೊಂಡಿಲ್ಲ.

"ಅಜ್ಜಿ, ಇದನ್ನೇ ಕುಡಿದ್ವಾ?"

"ನಮ್ಮಪ್ಪ ನೆಟ್ಟ ಮರ ಕಣೋ. ನಮಗೇ ಕೇಡು ಮಾಡ್ತದಾ?"

ಮತ್ತೆ ಅದೇ ಡಾಕ್ಟರ ಮುಂದೆ ಕೂತೆ. ಮೋರಿಯ ವಿಷಯ ಕೇಳಿ ಅವರು ಬೈಯಲಿಲ್ಲ. ಅದೇ ಇನ್ನಷ್ಟು ಹೆದರಿಸಿತು. ರಕ್ತ ಪರೀಕ್ಷೆ ಮಾಡಿಸಿದರು. ಫಲಿತಾಂಶ ಬರುವವರೆಗೆ ನನ್ನ ಉಚ್ಚೆಯ ಬಣ್ಣ ನೋಡಲೂ ಧೈರ್ಯ ಬರಲಿಲ್ಲ.

"ನಿಮ್ಮ ಕಿಡ್ನಿ ಸದ್ಯಕ್ಕೆ ಸರಿ ಇದೆ. ಆ ಅಜ್ಜಿಗೆ ವಯಸ್ಸಾಗಿದೆ, ತಕ್ಷಣ ನಿಲ್ಸೋಕೆ ಹೇಳಿ, ಕರ್ಕೊಂಡು ಬನ್ನಿ" ಎಂದರು.

ಆ ಬೆಳಗ್ಗೆ ವಾಪಸು ಬರುವಾಗ ನಮ್ಮ ಬೀದಿಯ ತಿರುವಿನಲ್ಲೇ ಕಲ್ಲಿನ ಮೇಲೆ ಜಜ್ಜುವ ಸದ್ದು ಕೇಳಿಸಿತು. ಸದ್ದು ನಿಂತಿತು. ಓಡಿದೆ.

"ಅಜ್ಜಿ, ಕುಡೀಬೇಡಿ!"

ಜಗಲಿಯ ಮೇಲೆ ಒಂದು ಲೋಟ ಆಗಲೇ ಖಾಲಿಯಾಗಿತ್ತು. ಇನ್ನೊಂದನ್ನು ಅಜ್ಜಿ ನನ್ನತ್ತ ಚಾಚಿದರು. ಏದುಸಿರು ಬಿಡುತ್ತಿದ್ದ ನನ್ನನ್ನಲ್ಲ, ನನ್ನ ಕಾಲನ್ನೇ ನೋಡುತ್ತಿದ್ದರು.

"ನೋಡು, ಎಂಗೆ ಓಡ್ಕೊಂಡ್ ಬಂದೆ!"